ಡ್ರೈವಿಂಗ್ ಲೈಸೆನ್ಸ್ ರಿನ್ಯೂವಲ್: ಸೇವೆ ಬೇಗ ಆಗುತ್ತದೆ, ಕಣ್ಣು ನೋಡುವವರೇ ಇಲ್ಲ

ಮಿಕ್ಸಿ, ಮೊಬೈಲು, ಹೋಟೆಲುಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯುತ್ತಿರುವುದು ಸರ್ಕಾರದ ಒಂದು ಸೇವೆಯ ಬಗ್ಗೆ. ಇದಕ್ಕೂ ನಾವು ದುಡ್ಡು ಕೊಡುತ್ತೇವೆ, ಇದರಲ್ಲೂ ಒಳ್ಳೆಯದು ಕೆಟ್ಟದ್ದು ಎರಡೂ ಇರುತ್ತದೆ. ನನಗೆ 61 ವರ್ಷ. ಬೆಂಗಳೂರಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು. ಕಾರು ನಾನೇ ಓಡಿಸುತ್ತೇನೆ. ಮೊನ್ನೆ ಮೊನ್ನೆ ಲೈಸೆನ್ಸ್ ರಿನ್ಯೂವಲ್ ಮಾಡಿಸಿಕೊಂಡೆ.

ಅಂಕ ಮೊದಲೇ ಹೇಳಿಬಿಡುತ್ತೇನೆ. ಆನ್‌ಲೈನ್ ಕೆಲಸಕ್ಕೆ ಐದಕ್ಕೆ ನಾಲ್ಕು ಕೊಡುತ್ತೇನೆ. ಕಣ್ಣಿನ ಪರೀಕ್ಷೆಗೆ ಐದಕ್ಕೆ ಒಂದು. ಆ ಒಂದು ಕೂಡ ಫಾರಂನಲ್ಲಿರುವ ಪ್ರಶ್ನೆಗಳು ಸರಿಯಾಗಿವೆ ಎಂಬ ಕಾರಣಕ್ಕೆ.

ಆನ್‌ಲೈನ್ ಭಾಗ ಬೇಗ ಮುಗಿಸುತ್ತೇನೆ. ಕೇಂದ್ರ ಸಾರಿಗೆ ಸಚಿವಾಲಯದ ಸಾರಥಿ ಪೋರ್ಟಲ್‌ಗೆ ಹೋಗಿ ಕರ್ನಾಟಕ ಆಯ್ಕೆ ಮಾಡಿ, ಲೈಸೆನ್ಸ್ ನಂಬರ್, ಹುಟ್ಟಿದ ತಾರೀಖು ಹಾಕಿದರೆ ನಮ್ಮ ವಿವರವೆಲ್ಲ ಬರುತ್ತದೆ. ಮೊಬೈಲ್‌ಗೆ ಒಟಿಪಿ ಬರುತ್ತದೆ. ಕೇಂದ್ರದ ನಿಯಮದ ಪ್ರಕಾರ ರಿನ್ಯೂವಲ್ ಶುಲ್ಕ 200 ರೂಪಾಯಿ, ಸ್ಮಾರ್ಟ್ ಕಾರ್ಡಿಗೆ ಇನ್ನೊಂದು 200. ಅಲ್ಲೇ ಯುಪಿಐನಲ್ಲಿ ಕಟ್ಟಿದೆ. ಕಾರ್ಡ್ ಅಂಚೆಯಲ್ಲಿ ಮನೆಗೇ ಬಂತು. ಅದು ಬರುವ ತನಕ ಡಿಜಿಲಾಕರ್‌ನಲ್ಲಿ ಇಟ್ಟುಕೊಂಡರೂ ನಡೆಯುತ್ತದೆ. ಹಿಂದೆಲ್ಲ ಈ ಕೆಲಸಕ್ಕೆ ಏಜೆಂಟರ ಹಿಂದೆ ಎಷ್ಟು ಅಲೆದಾಟ ಇತ್ತು ಅಂತ ನನ್ನ ವಯಸ್ಸಿನವರಿಗೆ ಗೊತ್ತು. ಇದನ್ನು ಮಾಡಿದವರಿಗೆ ನಿಜವಾಗಲೂ ಧನ್ಯವಾದ ಹೇಳಬೇಕು. ಒಂದು ಅಂಕ ಕಡಿಮೆ ಕೊಟ್ಟಿದ್ದು ಫೋಟೋ, ಸಹಿಗಳ ಫೈಲ್ ಸೈಜ್ ವಿಷಯಕ್ಕೆ. ವಯಸ್ಸಾದವರಿಗೆ ಅದು ಕಷ್ಟ. ಪಕ್ಕದ ಮನೆ ಹುಡುಗನನ್ನೋ ಸೈಬರ್ ಸೆಂಟರಿನವನನ್ನೋ ಹಿಡಿಯಲೇಬೇಕಾಗುತ್ತದೆ.

ಸ್ವಂತ ಗಾಡಿ ಓಡಿಸುವವರ ಲೈಸೆನ್ಸಿನ ಅವಧಿಯ ಲೆಕ್ಕ ಬಹಳ ಜನಕ್ಕೆ ಗೊತ್ತಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಬಂದ ಮೇಲೆ ಅದು ಬದಲಾಗಿದೆ. ಮೂವತ್ತರ ಒಳಗೆ ಲೈಸೆನ್ಸ್ ತೆಗೆದುಕೊಂಡರೆ ನಲವತ್ತು ತುಂಬುವವರೆಗೆ ನಡೆಯುತ್ತದೆ. ಮೂವತ್ತರಿಂದ ಐವತ್ತರೊಳಗೆ ಆದರೆ ಹತ್ತು ವರ್ಷ. ಐವತ್ತರಿಂದ ಐವತ್ತೈದರೊಳಗೆ ಆದರೆ ಅರವತ್ತರವರೆಗೆ. ಐವತ್ತೈದು ದಾಟಿದವರಿಗೆ ಐದೈದು ವರ್ಷ. ಅವಧಿ ಮುಗಿಯುವ ಒಂದು ವರ್ಷ ಮೊದಲೇ ಅರ್ಜಿ ಹಾಕಬಹುದು. ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಡ್ರೈವಿಂಗ್ ಟೆಸ್ಟ್ ಕೊಡಬೇಕು.

ಈ ಐದು ವರ್ಷದ ಲೆಕ್ಕ ಸುಮ್ನೆ ಇಟ್ಟಿದ್ದಲ್ಲ. ವಯಸ್ಸಾದಂತೆ ಕಣ್ಣು, ಕಿವಿ ಬದಲಾಗುತ್ತವೆ, ಅದನ್ನು ಆಗಾಗ ನೋಡಬೇಕು ಎಂಬುದೇ ಅದರ ಉದ್ದೇಶ. ಹಾಗಾಗಿಯೇ ನಲವತ್ತು ದಾಟಿದವರಿಗೆ ನಮೂನೆ 1ಎ ಎಂಬ ಮೆಡಿಕಲ್ ಸರ್ಟಿಫಿಕೇಟ್ ಕೇಳುತ್ತಾರೆ. ಲಾರಿ, ಬಸ್ಸು, ಟ್ಯಾಕ್ಸಿ ಓಡಿಸುವವರಾದರೆ ಯಾವ ವಯಸ್ಸಾದರೂ ಇದು ಬೇಕು. ಇದಕ್ಕೆ ಸಹಿ ಹಾಕಬೇಕಾದವರು ನೋಂದಾಯಿತ ವೈದ್ಯರು.

ಆ ಫಾರಂ ಅನ್ನು ಒಮ್ಮೆ ಕೂತು ಓದಿ. ನಿಜಕ್ಕೂ ಒಳ್ಳೆಯ ಪ್ರಶ್ನೆಗಳಿವೆ. ಅರ್ಜಿದಾರರಿಗೆ ದೃಷ್ಟಿದೋಷ ಇದೆಯೇ, ಇದ್ದರೆ ಕನ್ನಡಕದಿಂದ ಸರಿಯಾಗಿದೆಯೇ? ಹಗಲಿನ ಒಳ್ಳೆಯ ಬೆಳಕಿನಲ್ಲಿ 25 ಮೀಟರ್ ದೂರದಿಂದ ಕಾರಿನ ನಂಬರ್ ಪ್ಲೇಟ್ ಗುರುತಿಸಬಲ್ಲರೇ? ಇರುಳುಗಣ್ಣು ಇದೆಯೇ? ಬಣ್ಣ ಗುರುತಿಸುವುದರಲ್ಲಿ ತೀವ್ರ ತೊಂದರೆ ಇದೆಯೇ? ಹಾರನ್ ಕೇಳದಷ್ಟು ಕಿವುಡಿದೆಯೇ? ಒಬ್ಬ ಡಾಕ್ಟರು ಇವನ್ನು ಒಂದೊಂದಾಗಿ ನೋಡಿದರೆ ಕಾಲು ಗಂಟೆ ಸಾಕು.

ನನಗೆ ಸಿಕ್ಕಿದ್ದು ಆ ಕಾಲು ಗಂಟೆ ಅಲ್ಲ.

ಮೊದಲು ಆರ್‌ಟಿಒ ಕಚೇರಿ ಹತ್ತಿರದ ಜೆರಾಕ್ಸ್ ಅಂಗಡಿಗೆ ಫಾರಂ ಪ್ರಿಂಟ್ ತೆಗೆಸಲು ಹೋದೆ. ಅಲ್ಲಿದ್ದವನು ಕೇಳಿದ. "ಮೇಡಂ, ಮೆಡಿಕಲ್ ಬೇಕಾ? ಡಾಕ್ಟರ್ ಹತ್ರ ಹೋಗೋದೇನೂ ಬೇಡ. ಎರಡು ಫೋಟೋ ಕೊಡಿ, ಸಂಜೆ ಬಂದು ತಗೊಂಡ್ಹೋಗಿ." ಬೇಡ ಅಂದೆ. ಅಲ್ಲಿಂದ ಸ್ವಲ್ಪ ದೂರದ ಒಂದು ಕ್ಲಿನಿಕ್ಕಿಗೆ ಹೋದೆ. ಬೋರ್ಡಿನ ಮೇಲೆ 'ಡಿಎಲ್ ಫಿಟ್‌ನೆಸ್ ಸರ್ಟಿಫಿಕೇಟ್ ಕೊಡಲಾಗುವುದು' ಅಂತ ಬರೆದಿತ್ತು. ಒಳಗೆ ಕೂತಿದ್ದ ಹುಡುಗಿ ನನ್ನ ಹೆಸರು, ವಯಸ್ಸು, ರಕ್ತದ ಗುಂಪು ಕೇಳಿ ಬರೆದುಕೊಂಡಳು. ಉಳಿದ ಪ್ರಶ್ನೆಗಳಿಗೆ ಅವಳೇ ಸಾಲಾಗಿ ಉತ್ತರ ತುಂಬತೊಡಗಿದಳು. ನನ್ನನ್ನು ಕೇಳಲಿಲ್ಲ.

ಡಾಕ್ಟರ ಮುಂದೆ ಕೂತೆ. ಅವರ ಹಿಂದಿನ ಗೋಡೆಯ ಮೇಲೆ ಅಕ್ಷರದ ಚಾರ್ಟ್ ಇತ್ತು. ಅದರ ಅರ್ಧಕ್ಕೆ ಅಡ್ಡವಾಗಿ ಔಷಧಿ ಕಂಪನಿಯ ಕ್ಯಾಲೆಂಡರ್ ತೂಗುಹಾಕಿದ್ದರು. "ಡಾಕ್ಟ್ರೇ, ಕಣ್ಣು ಟೆಸ್ಟ್ ಮಾಡಲ್ವಾ?" ಅಂದೆ. "ಕನ್ನಡಕ ಹಾಕಿದ್ದೀರಲ್ಲ ಮೇಡಂ, ಏನೂ ತೊಂದರೆ ಇಲ್ಲ ತಾನೇ?" ಅಂದರು. ಪೆನ್ನು ಆಗಲೇ ಕೈಯಲ್ಲಿತ್ತು. ನಾನು ಫಾರಂ ವಾಪಸ್ ತೆಗೆದುಕೊಂಡು ಎದ್ದು ಬಂದೆ. ಅವರು ಕೇಳುವುದು 200 ರೂಪಾಯಿ. ಆ ದುಡ್ಡಿಗೆ ಅಲ್ಲಿ ನಡೆಯುವುದು ಒಂದು ಸಹಿ, ಒಂದು ಸೀಲು, ಅಷ್ಟೇ.

ಆ ಡಾಕ್ಟರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಜ್ವರ ಅಂತ ಬಂದ ಮಕ್ಕಳನ್ನು ಅವರು ಸಮಾಧಾನದಿಂದ ನೋಡುತ್ತಿದ್ದುದನ್ನು ಕಂಡಿದ್ದೇನೆ. ಈ ಫಾರಂ ಬಂದಾಗ ಮಾತ್ರ ಅದನ್ನು ಯಾರೂ ವೈದ್ಯಕೀಯ ಕೆಲಸ ಅಂತ ನೋಡುವುದಿಲ್ಲ. ಬರುವವರಿಗೂ ಸಹಿ ಸಾಕು, ಕೊಡುವವರಿಗೂ ಸಾಕು, ಅಪ್ಲೋಡ್ ಆದ ಮೇಲೆ ಸೀಲು ಕಂಡರೆ ಕಚೇರಿಗೂ ಸಾಕು. ರಸ್ತೆ ದಾಟುತ್ತಿರುವ ಮಗುವಿಗೆ ಸಾಕೇ ಎಂಬುದನ್ನು ಈ ಸಾಲಿನಲ್ಲಿ ಯಾರೂ ಕೇಳುತ್ತಿಲ್ಲ. ನನ್ನ ತಕರಾರು ಇದೇ.

ಮನೆಗೆ ಬಂದು ನಾನೇ ಆ 25 ಮೀಟರ್ ಅಳೆದು ನೋಡಿದೆ. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಯಾರು ಬೇಕಾದರೂ ದುಡ್ಡಿಲ್ಲದೆ ಮಾಡಬಹುದು.

ನಮ್ಮ ದೇಶದ ಕಾರುಗಳ ನಂಬರ್ ಪ್ಲೇಟಿನ ಅಕ್ಷರ 65 ಮಿಲಿಮೀಟರ್ ಎತ್ತರ ಇರಬೇಕು, ಗೆರೆಯ ದಪ್ಪ 10 ಮಿಲಿಮೀಟರ್. ಇದು ನಿಯಮದಲ್ಲೇ ಇದೆ. ಸ್ಟೈಲಾಗಿ ಬರೆಸಿದ ಹಳೇ ಪ್ಲೇಟು ಬೇಡ. ಹೊಸ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ) ಪ್ಲೇಟ್ ಇರುವ ಕಾರು ನೋಡಿಕೊಳ್ಳಿ. ಸ್ಕೂಟರಿನ ಪ್ಲೇಟ್ ಬೇಡ, ಅದರ ಅಕ್ಷರ ಇನ್ನೂ ಚಿಕ್ಕದು. ಬೆಳಿಗ್ಗೆ ಒಂಬತ್ತರ ಹೊತ್ತಿಗೆ, ಸೂರ್ಯ ಬೆನ್ನ ಹಿಂದೆ ಇರುವ ಹಾಗೆ ನಿಂತು, ಟೇಪಿನಲ್ಲಿ 25 ಮೀಟರ್ ಅಳೆದು ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಗೊತ್ತಿರುವ ಕಾರು ಆಗಬಾರದು. ನಂಬರ್ ಬಾಯಿಪಾಠ ಇದ್ದರೆ ಕಣ್ಣು ಓದಿತೋ ನೆನಪು ಓದಿತೋ ಗೊತ್ತಾಗುವುದಿಲ್ಲ.

ಕಣ್ಣಾಸ್ಪತ್ರೆಯ ಚಾರ್ಟಿಗೂ ಇದಕ್ಕೂ ಏನು ಸಂಬಂಧ ಅಂತ ಲೆಕ್ಕ ಹಾಕಿದೆ. ದೊಡ್ಡಕ್ಷರದಿಂದ ಚಿಕ್ಕಕ್ಷರಕ್ಕೆ ಇಳಿಯುವ ಆ ಚಾರ್ಟನ್ನು ಮಾಡಿದವರು ನೆದರ್ಲೆಂಡ್ಸಿನ ಕಣ್ಣಿನ ವೈದ್ಯ ಹರ್ಮನ್ ಸ್ನೆಲೆನ್, 1862ರಲ್ಲಿ. ಆರು ಮೀಟರ್ ದೂರದಿಂದ ಓದಿಸುತ್ತಾರೆ. 6/12 ಅಂದರೆ ಸರಿಯಾದ ಕಣ್ಣು 12 ಮೀಟರಿನಿಂದ ಓದುವ ಸಾಲನ್ನು ಇವರು ಆರು ಮೀಟರಿನಿಂದ ಓದುತ್ತಾರೆ ಅಂತ; 6/6 ಅಂದರೆ ಸರಿಯಾದ ದೃಷ್ಟಿ. 25 ಮೀಟರಿನಲ್ಲಿ 65 ಮಿಲಿಮೀಟರ್ ಅಕ್ಷರ ಅಂದರೆ ಆರು ಮೀಟರಿನಲ್ಲಿ ಸುಮಾರು 15.6 ಮಿಲಿಮೀಟರ್ ಅಕ್ಷರ. ಚಾರ್ಟಿನ 6/12 ಸಾಲಿನ ಅಕ್ಷರ ಸುಮಾರು 17.5 ಮಿಲಿಮೀಟರ್, 6/9 ಸಾಲಿನದು ಸುಮಾರು 13. ಅಂದರೆ ನಂಬರ್ ಪ್ಲೇಟ್ ಓದಬಲ್ಲವರ ದೃಷ್ಟಿ 6/12ಕ್ಕಿಂತ ಸ್ವಲ್ಪ ಚೆನ್ನಾಗಿರಬೇಕು. ನಮ್ಮ ಫಾರಂ ಬರೆದವರು ಕಣ್ಣು ಮುಚ್ಚಿಕೊಂಡು ಬರೆದಿಲ್ಲ. ಅಳತೆ ಸರಿಯಾಗಿಯೇ ಇದೆ.

ಇನ್ನೊಂದು ಲೆಕ್ಕ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 16.7 ಮೀಟರ್ ಹೋಗುತ್ತದೆ. 25 ಮೀಟರ್ ದಾಟಲು ಒಂದೂವರೆ ಸೆಕೆಂಡು. 25 ಮೀಟರಲ್ಲೂ ಸರಿಯಾಗಿ ಕಾಣದವರಿಗೆ ಬ್ರೇಕ್ ಒತ್ತಲು ಎಷ್ಟು ಹೊತ್ತು ಉಳಿಯಿತು? ಹಾಗಾಗಿ ಇದು ಕಠಿಣವಾದ ಪರೀಕ್ಷೆ ಅಲ್ಲ. ಇದಕ್ಕಿಂತ ಕೆಳಗೆ ಇಳಿಯಲೇಬಾರದು ಎಂಬ ಗೆರೆ.

ಕನ್ನಡಕ ಹಾಕಿಕೊಂಡು ನಾನು ಪ್ಲೇಟ್ ಪೂರ್ತಿ ಓದಿದೆ, ಒಂದೊಂದು ಕಣ್ಣು ಮುಚ್ಚಿಯೂ ಓದಿದೆ. ಆಮೇಲೆ ನಮ್ಮ ಯಜಮಾನರನ್ನು ಕರೆದೆ. ಅವರಿಗೆ 66. ಬ್ಯಾಂಕಿನಲ್ಲಿದ್ದವರು. ಎರಡೂ ಕಣ್ಣು ಬಿಟ್ಟಾಗ ಸಲೀಸಾಗಿ ಓದಿದರು.

"ರೀ, ಈಗ ಎಡಗಣ್ಣು ಮುಚ್ಚಿಕೊಂಡು ಓದಿ" ಅಂದೆ.

"ಕೆಎ ಸೊನ್ನೆ... ಮೂರು ಇರಬೇಕು. ಅಲ್ಲ, ಎಂಟು. ಪ್ಲೇಟ್ ಮಾಸಿದೆ ಕಣೇ."

"ಪ್ಲೇಟ್ ಹೊಸದು ರೀ. ಬಲಗಣ್ಣು ಮುಚ್ಚಿ ಈಗ."

ಬಲಗಣ್ಣು ಮುಚ್ಚಿದಾಗ ತಡವರಿಸದೆ ಓದಿದರು. ಅಷ್ಟು ಹೊತ್ತಿಗೆ ಅವರ ಮುಖವೂ ಬದಲಾಗಿತ್ತು. ಬಹಳ ದಿನದಿಂದ ಅವರದ್ದು ಒಂದು ದೂರು ಇತ್ತು. ರಾತ್ರಿ ತುಮಕೂರು ರಸ್ತೆಯಲ್ಲಿ ಎದುರಿಗೆ ಬರುವವರೆಲ್ಲ ಹೈ ಬೀಮ್ ಹಾಕಿಕೊಂಡು ಬರುತ್ತಾರೆ, ಕಣ್ಣು ಕುಕ್ಕುತ್ತದೆ ಅಂತ. ಹೈ ಬೀಮ್ ಹಾಕುವವರು ಇದ್ದಾರೆ, ಅದು ನಿಜವೇ. ಆದರೆ ಪಕ್ಕದಲ್ಲಿ ಕೂತ ನನಗೆ ಅಷ್ಟು ಕುಕ್ಕುತ್ತಿರಲಿಲ್ಲ. ಇಬ್ಬರೂ ಕಣ್ಣಿನ ಆಸ್ಪತ್ರೆಗೆ ಹೊರಟೆವು, ನನ್ನ ಫಾರಂ ಕೂಡ ಜೊತೆಗಿತ್ತು.

ಈ ಆಸ್ಪತ್ರೆ ದೊಡ್ಡದೇನಲ್ಲ. ಒಂದು ಮಹಡಿಯ ಕಣ್ಣಿನ ಕ್ಲಿನಿಕ್, ಕೆಳಗೆ ಕನ್ನಡಕದ ಅಂಗಡಿ. ಒಬ್ಬೊಬ್ಬರಿಗೆ 500 ರೂಪಾಯಿ. ಇಲ್ಲಿ ನಡೆದದ್ದನ್ನೆಲ್ಲ ಹೇಳುತ್ತೇನೆ, ಕಣ್ಣಿನ ಪರೀಕ್ಷೆ ಅಂದರೆ ಏನು ಅಂತ ಗೊತ್ತಾಗಲಿ.

ಮೊದಲು ಒಂದು ಯಂತ್ರದ ಮುಂದೆ ಗಲ್ಲ ಇಟ್ಟು ಕೂರಿಸಿದರು. ಒಳಗೆ ದೂರದಲ್ಲಿ ಬಣ್ಣದ ಬಲೂನಿನ ಚಿತ್ರ ಮಸುಕಾಗಿ, ಮತ್ತೆ ಸ್ಪಷ್ಟವಾಗಿ ಕಾಣುತ್ತದೆ. ಪವರ್ ಎಷ್ಟು ಅಂತ ಅಂದಾಜು ಸಿಗುವುದು ಅದರಲ್ಲಿ. ಆಮೇಲೆ ಆಪ್ಟೋಮೆಟ್ರಿಸ್ಟ್ ಹುಡುಗಿ ದಪ್ಪ ಫ್ರೇಮ್ ಹಾಕಿ, ಗಾಜು ಬದಲಾಯಿಸುತ್ತಾ, ಒಂದೊಂದು ಕಣ್ಣಿನಲ್ಲಿ ಚಾರ್ಟ್ ಓದಿಸಿದಳು. ಇಂಗ್ಲಿಷ್ ಓದಲು ಬಾರದವರಿಗೆ ಕನ್ನಡದ ಚಾರ್ಟ್ ಇತ್ತು. ಅಕ್ಷರವೇ ಬಾರದವರಿಗೆ ಇ ಆಕಾರದ ಗುರುತು ಇತ್ತು. ಅದರ ಬಾಯಿ ಯಾವ ಕಡೆಗಿದೆ ಅಂತ ಕೈಯಲ್ಲಿ ತೋರಿಸಿದರೆ ಸಾಕು. ಬಣ್ಣದ ಚುಕ್ಕಿಗಳೊಳಗೆ ಅಂಕಿ ಹುಡುಕುವ ಇಶಿಹಾರಾ ಪುಸ್ತಕ ಕೂಡ ಕೊಟ್ಟಳು. 1917ರಲ್ಲಿ ಜಪಾನಿನ ವೈದ್ಯ ಶಿನೊಬು ಇಶಿಹಾರಾ ಮಾಡಿದ್ದು, ಇವತ್ತಿಗೂ ಅದೇ ನಡೆಯುತ್ತಿದೆ.

ಬಣ್ಣದ ವಿಷಯದಲ್ಲಿ ಒಂದು ಒಳ್ಳೆಯ ಬದಲಾವಣೆ ಆಗಿದೆ, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮೊದಲು ಕೆಂಪು ಹಸಿರು ಗುರುತಿಸಲು ಸ್ವಲ್ಪ ತೊಡಕಿದ್ದರೂ ಲೈಸೆನ್ಸ್ ಕಷ್ಟ ಇತ್ತು. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಫಾರಂಗಳನ್ನು ಬದಲಾಯಿಸಿ, ತೀವ್ರವಲ್ಲದ ಬಣ್ಣಗುರುಡು ಇರುವವರಿಗೂ ಲೈಸೆನ್ಸ್ ಸಿಗುವಂತೆ ಮಾಡಿತು. ನನ್ನ ಕ್ಲಾಸಿನಲ್ಲಿ ಇಂಥ ಒಬ್ಬ ಹುಡುಗ ಇದ್ದ. ತುಂಬಾ ಚುರುಕು. ಸಿಗ್ನಲ್ಲಿನಲ್ಲಿ ಮೇಲಿನ ದೀಪ ನಿಲ್ಲು, ಕೆಳಗಿನದು ಹೋಗು ಅಂತ ಅವನಿಗೆ ಗೊತ್ತಿತ್ತು. ಅಂಥವರನ್ನು ತಡೆಯುವುದು ಅನ್ಯಾಯವಾಗಿತ್ತು. ಸರಿಯಾಗಿ ಪರೀಕ್ಷೆ ಮಾಡಿದರೆ ಯಾರನ್ನು ತಡೆಯಬೇಕು ಎಂಬುದರ ಜೊತೆಗೆ ಯಾರನ್ನು ತಡೆಯಬಾರದು ಎಂಬುದೂ ಗೊತ್ತಾಗುತ್ತದೆ.

ಆಮೇಲೆ ಕಣ್ಣಿಗೆ ಪುಸ್ ಅಂತ ಗಾಳಿ ಊದುವ ಯಂತ್ರದಲ್ಲಿ ಕಣ್ಣಿನ ಒತ್ತಡ ನೋಡಿದರು. 10ರಿಂದ 21ರ ಒಳಗಿದ್ದರೆ ಸಾಮಾನ್ಯ ಅನ್ನುತ್ತಾರೆ. ಡ್ರಾಪ್ಸ್ ಹಾಕಿ ಪಾಪೆ ಅಗಲ ಮಾಡಿ ಡಾಕ್ಟರಮ್ಮ ಒಳಗೆಲ್ಲ ನೋಡಿದರು. ಡ್ರಾಪ್ಸ್ ಹಾಕಿಸಿಕೊಂಡ ದಿನ ಕಾರು ತರಬೇಡಿ. ಕೆಲವು ಗಂಟೆ ಬೆಳಕು ಕುಕ್ಕುತ್ತದೆ, ಹತ್ತಿರದ್ದು ಮಸುಕಾಗಿರುತ್ತದೆ. ನಾವು ಆಟೋದಲ್ಲಿ ಹೋಗಿ ಆಟೋದಲ್ಲೇ ಬಂದೆವು.

ನನ್ನ ಫಾರಂ ಅನ್ನು ಡಾಕ್ಟರಮ್ಮ ಒಂದೊಂದೇ ಪ್ರಶ್ನೆ ಓದಿ ತುಂಬಿದರು. "ಕಿವಿ ಬಗ್ಗೆಯೂ ಕೇಳಿದ್ದಾರಲ್ವಾ" ಅಂದು ನನ್ನನ್ನು ತಿರುಗಿಸಿ ಕೂರಿಸಿ, ಹಿಂದಿನಿಂದ ಮೆಲ್ಲಗೆ ಏನೇನೋ ಹೇಳಿ, ನಾನು ತಿರುಗಿ ಹೇಳಿದ್ದನ್ನು ಕೇಳಿದರು. ಕನ್ನಡಕ ಹಾಕಿಕೊಂಡೇ ಓಡಿಸಬೇಕು ಅಂತ ಬರೆದು ಸಹಿ ಮಾಡಿ, ನೋಂದಣಿ ಸಂಖ್ಯೆ ಹಾಕಿ ಕೊಟ್ಟರು. ಪೋರ್ಟಲ್‌ನಲ್ಲಿ ಅದನ್ನೇ ಅಪ್ಲೋಡ್ ಮಾಡಿದೆ. ಒಂದು ತಕರಾರಿಲ್ಲದೆ ಪಾಸಾಯಿತು.

ಯಜಮಾನರ ಬಲಗಣ್ಣಿನಲ್ಲಿ ಪೊರೆ ಬೆಳೆದಿತ್ತು. ಎಡಗಣ್ಣು ಚೆನ್ನಾಗಿದ್ದದ್ದರಿಂದ ದಿನನಿತ್ಯದಲ್ಲಿ ಅವರಿಗೆ ಗೊತ್ತೇ ಆಗಿರಲಿಲ್ಲ. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ತುಂಬಿಕೊಡುತ್ತಿತ್ತು. ಡಾಕ್ಟರಮ್ಮ ಚೆನ್ನಾಗಿ ಬಿಡಿಸಿ ಹೇಳಿದರು. ಪೊರೆ ಬಂದ ಕಣ್ಣಿನಲ್ಲಿ ಎದುರಿನ ಹೆಡ್‌ಲೈಟ್ ಬೆಳಕು ನೇರವಾಗಿ ಒಳಗೆ ಹೋಗುವುದಿಲ್ಲ, ಗೀಚು ಬಿದ್ದ ಕಾರಿನ ಗಾಜಿನ ಮೇಲೆ ಬಿಸಿಲು ಬಿದ್ದ ಹಾಗೆ ಚೆದುರುತ್ತದೆ. ಆ ಬೆಳಕಿನ ಪಕ್ಕದಲ್ಲಿ ನಡೆದು ಹೋಗುವವರು ಆ ಹೊತ್ತಿಗೆ ಕಾಣುವುದೇ ಇಲ್ಲ. ಅದರ ಮೇಲೆ ವಯಸ್ಸಿನ ಲೆಕ್ಕ ಬೇರೆ. ಅರವತ್ತರ ಹೊತ್ತಿಗೆ ಪಾಪೆ ಚಿಕ್ಕದಾಗಿ, ಮಸೂರ ಹಳದಿಯಾಗಿ, ಇಪ್ಪತ್ತರ ಹುಡುಗನ ಕಣ್ಣಿನೊಳಗೆ ಹೋಗುವ ಬೆಳಕಿನ ಸುಮಾರು ಮೂರನೇ ಒಂದು ಭಾಗ ಮಾತ್ರ ನಮ್ಮ ಕಣ್ಣಿನ ಪರದೆಗೆ ತಲುಪುತ್ತದೆ. ಇದನ್ನು ಕೇಳಿದ ದಿನದಿಂದ ರಾತ್ರಿ ಹೊತ್ತು ಕಾರಿನ ಕೀ ನನ್ನ ಹತ್ತಿರ ಇದೆ. ಆಪರೇಷನ್ ಆಗುವವರೆಗೆ ರಾತ್ರಿ ಓಡಿಸುವುದಿಲ್ಲ ಅಂತ ಅವರೇ ಹೇಳಿದರು. ನನಗೆ ಅದು ಬಹಳ ದೊಡ್ಡ ಸಮಾಧಾನ.

ಈಗ ಯೋಚನೆ ಮಾಡಿ. ಇವರ ಲೈಸೆನ್ಸ್ ಮುಂದಿನ ವರ್ಷ ರಿನ್ಯೂವಲ್‌ಗೆ ಬರುತ್ತದೆ. ಆ ಕ್ಯಾಲೆಂಡರ್ ತೂಗುಹಾಕಿದ ಕ್ಲಿನಿಕ್ಕಿಗೆ ಹೋಗಿದ್ದರೆ ನಗುನಗುತ್ತಾ ಸಹಿ ಸಿಗುತ್ತಿತ್ತು. ಇನ್ನೈದು ವರ್ಷಕ್ಕೆ ಸರ್ಕಾರವೇ 'ಇವರ ಕಣ್ಣು ಸರಿ ಇದೆ' ಅಂತ ಹೇಳಿದಂತಾಗುತ್ತಿತ್ತು.

ಚಾರ್ಟ್ ಓದಿಸಿದರೆ ಎಲ್ಲ ಸಿಗುತ್ತದೆ ಅಂತಲೂ ಇಲ್ಲ. ಗ್ಲುಕೋಮಾ, ಅಂದರೆ ಕಣ್ಣಿನ ನರ ಹಾಳಾಗುವ ಕಾಯಿಲೆ, ಬಂದವರಿಗೆ ನೇರ ದೃಷ್ಟಿ ಬಹಳ ಕಾಲ ಚೆನ್ನಾಗೇ ಇರುತ್ತದೆ, ಅಂಚಿನಿಂದ ಒಳಕ್ಕೆ ಕಾಣುವುದು ಕಡಿಮೆಯಾಗುತ್ತಾ ಬರುತ್ತದೆ. ಅವರು 6/6 ಓದಿಬಿಡಬಹುದು. ಆದರೆ ಪಕ್ಕದ ಗಲ್ಲಿಯಿಂದ ನುಗ್ಗುವ ಸ್ಕೂಟರ್ ಅವರಿಗೆ ತಡವಾಗಿ ಕಾಣುತ್ತದೆ. ನಮ್ಮ ಫಾರಂನಲ್ಲಿ ಪಕ್ಕದ ನೋಟದ ಬಗ್ಗೆ, ಎದುರು ಬೆಳಕಿನ ಬಗ್ಗೆ ಪ್ರಶ್ನೆಯೇ ಇಲ್ಲ. ಶುಗರ್ ಇರುವವರ ಕಣ್ಣಿನ ಪರದೆ ಹಾಳಾಗುವುದು ನಮ್ಮಲ್ಲಿ ಎಷ್ಟು ಜಾಸ್ತಿ ಅಂತ ಎಲ್ಲರಿಗೂ ಗೊತ್ತು. ಐವತ್ತೈದು ದಾಟಿದವರಿಗಾದರೂ ಇವನ್ನು ಸೇರಿಸಬೇಕು.

ಬೇರೆ ದೇಶಗಳಲ್ಲಿ ಎಲ್ಲ ಸರಿ ಇದೆ ಅಂತ ನಾನು ನಂಬಿಲ್ಲ. ಬ್ರಿಟನ್ನಿನಲ್ಲಿ ಡ್ರೈವಿಂಗ್ ಟೆಸ್ಟಿಗೆ ಬಂದವರಿಂದ ಮೊದಲು 20 ಮೀಟರ್ ದೂರದ ನಂಬರ್ ಪ್ಲೇಟ್ ಓದಿಸುತ್ತಾರೆ. ಆಮೇಲೆ ಎಪ್ಪತ್ತಾದ ಮೇಲೆ ಮೂರು ವರ್ಷಕ್ಕೊಮ್ಮೆ ರಿನ್ಯೂವಲ್ ಮಾಡುವಾಗಲೂ 'ನನ್ನ ಕಣ್ಣು ಸರಿ ಇದೆ' ಎಂಬ ಸ್ವಂತ ಹೇಳಿಕೆಯ ಮೇಲೇ ನಡೆಯುತ್ತಿತ್ತು. 2025ರಲ್ಲಿ ಇಂಗ್ಲೆಂಡಿನ ಲ್ಯಾಂಕಾಶೈರಿನ ಕೊರೋನರ್ (ಸಾವಿನ ಕಾರಣ ವಿಚಾರಣೆ ಮಾಡುವ ಅಧಿಕಾರಿ), ಸರಿಯಾಗಿ ಕಣ್ಣು ಕಾಣದ ಚಾಲಕರಿಂದಾದ ಸಾವುಗಳನ್ನು ವಿಚಾರಣೆ ಮಾಡಿ, ಈ ಪದ್ಧತಿ ಯುರೋಪಿನಲ್ಲೇ ಅತ್ಯಂತ ಸಡಿಲ ಅಂದರು. ಅಮೆರಿಕದ ಫ್ಲೋರಿಡಾದಲ್ಲಿ ನನ್ನ ಚಿಕ್ಕಮ್ಮನ ಮಗ ಇದ್ದಾನೆ. ಅಲ್ಲಿ 2004ರಿಂದ ಎಂಬತ್ತು ದಾಟಿದವರು ರಿನ್ಯೂವಲ್‌ಗೆ ಕಣ್ಣಿನ ಪರೀಕ್ಷೆ ಪಾಸಾಗಲೇಬೇಕು. ಆಮೇಲಿನ ವರ್ಷಗಳಲ್ಲಿ ಆ ವಯಸ್ಸಿನ ಚಾಲಕರ ಅಪಘಾತದ ಸಾವಿನ ಪ್ರಮಾಣ ಇಳಿದದ್ದನ್ನು ಸಂಶೋಧಕರು ಗಮನಿಸಿದರು. ಜಪಾನಿನಲ್ಲಿ ವಯಸ್ಸು ಎಷ್ಟೇ ಇರಲಿ, ರಿನ್ಯೂವಲ್ ಅಂದರೆ ಅಲ್ಲೇ ಕೌಂಟರಿನಲ್ಲಿ ಯಂತ್ರದೊಳಗೆ ಇಣುಕಿ, ಸಿ ಆಕಾರದ ಉಂಗುರದ ಬಾಯಿ ಯಾವ ಕಡೆ ಇದೆ ಅಂತ ಹೇಳಬೇಕು. ಓದು ಬರಹದ ಹಂಗೇ ಇಲ್ಲ. ನನಗೆ ಇಷ್ಟವಾದದ್ದು ಇದು.

ನಮ್ಮಲ್ಲಿ ಇದು ಆಗದು ಅನ್ನುವವರ ಮಾತನ್ನೂ ಕೇಳಿದ್ದೇನೆ. ಹಳ್ಳಿಯವರು ಕಣ್ಣಿನ ಡಾಕ್ಟರನ್ನು ಎಲ್ಲಿ ಹುಡುಕಬೇಕು, ಒಂದು ದಿನದ ದುಡಿಮೆ ಬಿಟ್ಟು ಬರಬೇಕಲ್ಲ ಅಂತ. ಆ ಮಾತಿಗೆ ಬೆಲೆ ಇದೆ. ಆದರೆ ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ನೇತ್ರಾಧಿಕಾರಿ ಅಂತ ಒಬ್ಬರು ಇರುತ್ತಾರೆ. ಪವರ್ ನೋಡುವುದು, ಪೊರೆ ಇದೆಯೇ ಅಂತ ಗುರುತಿಸುವುದು ಅವರದೇ ಕೆಲಸ. ಅಂಧತ್ವ ನಿವಾರಣೆಯ ರಾಷ್ಟ್ರೀಯ ಕಾರ್ಯಕ್ರಮ ಶುರುವಾದದ್ದು 1976ರಲ್ಲಿ. ರಾಜ್ಯದ ಆಶಾಕಿರಣ ಯೋಜನೆಯಲ್ಲಿ ಮನೆಮನೆಗೆ ಬಂದು ಕಣ್ಣು ನೋಡಿ ಕನ್ನಡಕ ಕೊಟ್ಟಿದ್ದಾರೆ. ಬೀಳಗಿಯ ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಕ್ಯಾಂಪ್ ಹಾಕಿ ಲಕ್ಷಾಂತರ ಜನರ ಪೊರೆ ತೆಗೆದ ರಾಜ್ಯ ಇದು. ನಮ್ಮ ಅತ್ತೆಯವರ ಕಣ್ಣೂ ಅಂಥ ಒಂದು ಕ್ಯಾಂಪಿನಲ್ಲೇ ಸರಿಯಾದದ್ದು. ಆಪರೇಷನ್ನೇ ಹಳ್ಳಿಗೆ ಹೋಗಬಹುದಾದರೆ ಒಂದು ಚಾರ್ಟ್ ಆರ್‌ಟಿಒ ಕಚೇರಿಗೆ ಬರುವುದು ದೊಡ್ಡ ವಿಷಯವೇ?

ಇನ್ನೊಂದು ಭಯ ಹೊಟ್ಟೆಪಾಡಿನದು. ಆಟೋ, ಲಾರಿ ಓಡಿಸುವವರಿಗೆ ಕಣ್ಣು ಸರಿ ಇಲ್ಲ ಅಂದುಬಿಟ್ಟರೆ ಸಂಸಾರ ಏನಾಗಬೇಕು? ನಾನು ಆ ಆಸ್ಪತ್ರೆಯ ಡಾಕ್ಟರಮ್ಮನನ್ನು ಇದನ್ನೇ ಕೇಳಿದೆ. ತಮ್ಮಲ್ಲಿಗೆ ಬರುವ ಡ್ರೈವರುಗಳಲ್ಲಿ ಹೆಚ್ಚಿನವರಿಗೆ ಬೇಕಾಗಿರುವುದು ಒಂದು ಕನ್ನಡಕ, ಕೆಲವರಿಗೆ ಪೊರೆಯ ಆಪರೇಷನ್ ಅಂದರು. ಎರಡೂ ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುತ್ತವೆ. ಬೆಂಗಳೂರಿನವರಿಗೆ ಮಿಂಟೋ ಕಣ್ಣಾಸ್ಪತ್ರೆ ಇದೆ. ಪರೀಕ್ಷೆ ಮಾಡಿದರೆ ಅವರ ಕೆಲಸ ಇನ್ನಷ್ಟು ವರ್ಷ ಉಳಿಯುತ್ತದೆ. ಮಾಡದೆ ಬಿಟ್ಟರೆ ಒಂದು ಅಪಘಾತಕ್ಕೆ ಅವರ ಸಂಸಾರ, ಇನ್ನೊಬ್ಬರ ಸಂಸಾರ ಎರಡೂ ಬೀದಿಗೆ ಬರುತ್ತವೆ.

ಸಾರಿಗೆ ಇಲಾಖೆಗೆ ಒಂದು ಪತ್ರ ಬರೆದಿದ್ದೇನೆ. ಪ್ರತಿ ಆರ್‌ಟಿಒ ಅಂಗಳದಲ್ಲಿ 25 ಮೀಟರ್ ಅಳೆದು ಒಂದು ಹಳದಿ ಗೆರೆ, ಎದುರಿಗೆ ಬದಲಾಯಿಸಬಹುದಾದ ನಂಬರ್ ಪ್ಲೇಟ್. ನಲವತ್ತು ದಾಟಿದವರು ರಿನ್ಯೂವಲ್‌ಗೆ ಅಲ್ಲಿ ನಿಂತು ಒಂದೊಂದು ಕಣ್ಣಿನಲ್ಲಿ ಓದಬೇಕು. ಐವತ್ತೈದು ದಾಟಿದವರ 1ಎ ಫಾರಂನ ಕಣ್ಣಿನ ಭಾಗಕ್ಕೆ ಕಣ್ಣಿನ ವೈದ್ಯರದ್ದೋ ನೇತ್ರಾಧಿಕಾರಿಯದ್ದೋ ಸಹಿ ಇರಬೇಕು, ಪ್ರತಿ ಕಣ್ಣಿನ ದೃಷ್ಟಿಯ ಅಳತೆ ಅಂಕಿಯಲ್ಲಿ ಬರೆದಿರಬೇಕು. ಈಗಿರುವ ಹಾಗೆ ಹೌದು, ಇಲ್ಲ ಅಂತ ಬರೆದರೆ ನೋಡದೆಯೂ ಬರೆಯಬಹುದು. ಅಂಕಿ ಬರೆಯಬೇಕು ಅಂದರೆ ನೋಡಲೇಬೇಕು, ನೋಡದೆ ಬರೆದರೆ ಸುಳ್ಳು ದಾಖಲೆ ಕೊಟ್ಟಂತಾಗುತ್ತದೆ. ಆನ್‌ಲೈನ್ ಸೌಲಭ್ಯ ತೆಗೆಯಿರಿ ಅಂತ ನಾನು ಕೇಳಿಲ್ಲ. ಕಣ್ಣಿನ ಆಸ್ಪತ್ರೆಯೇ ನೇರವಾಗಿ ಪೋರ್ಟಲ್‌ಗೆ ವಿವರ ಹಾಕುವಂತಾದರೆ ನಮಗೆ ಓಡಾಟವೂ ತಪ್ಪುತ್ತದೆ, ಜೆರಾಕ್ಸ್ ಅಂಗಡಿಯ ವ್ಯಾಪಾರವೂ ನಿಲ್ಲುತ್ತದೆ.

ಸದ್ಯಕ್ಕೆ ರಿನ್ಯೂವಲ್‌ಗೆ ಹೊರಟವರಿಗೆ ನಾನು ಹೇಳುವುದು ಇಷ್ಟು. ಅವಧಿ ಮುಗಿಯಲು ಕೆಲವು ತಿಂಗಳು ಇರುವಾಗಲೇ ಶುರು ಮಾಡಿ, ಪೊರೆಯೋ ಪವರೋ ಏನಾದರೂ ಸಿಕ್ಕರೆ ಸರಿಮಾಡಿಸಿಕೊಳ್ಳಲು ಸಮಯ ಇರುತ್ತದೆ. ಫಾರಂ ಪ್ರಿಂಟ್ ತೆಗೆದು ಕಣ್ಣಿನ ಆಸ್ಪತ್ರೆಗೇ ಹೋಗಿ, ಕಣ್ಣಿನ ಡಾಕ್ಟರೂ ನೋಂದಾಯಿತ ವೈದ್ಯರೇ, ಅವರ ಸಹಿ ನಡೆಯುತ್ತದೆ. ಮನೆಯಲ್ಲಿ ಅಪ್ಪ, ಅಮ್ಮ, ಅತ್ತೆ, ಮಾವ ಯಾರಾದರೂ ಗಾಡಿ ಓಡಿಸುತ್ತಿದ್ದರೆ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಅವರ ಲೈಸೆನ್ಸಿಗೆ ಇನ್ನೂ ಅವಧಿ ಇದ್ದರೂ ಪರವಾಗಿಲ್ಲ. ನಮ್ಮ ಯಜಮಾನರ ಆಪರೇಷನ್ ಶ್ರಾವಣಕ್ಕೆ ಮೊದಲೇ ಮಾಡಿಸೋಣ ಅಂತ ಡಾಕ್ಟರಮ್ಮ ಹೇಳಿದ್ದಾರೆ. ಆಮೇಲೆ ಅವರ 1ಎ ಫಾರಂ ಕೂಡ ಅಲ್ಲೇ ತುಂಬಿಸುತ್ತೇವೆ.